ಕಡಲಿನ ಹರಿವು ಕೇಳಿದ ಅಪ್ಪ

ನಮ್ಮಪ್ಪ ಘತ್ತರಗಿಯ ಹೊಳೆಯಲ್ಲಿ ಮೀನು ಹಿಡಿಯುವವನು. ಭೀಮೆಯಲ್ಲಿ ಯಾರೇ ಮುಳುಗಲಿ, ಸುತ್ತಲ ಊರಿನವರು ಮೊದಲು ಓಡಿ ಬರುವುದು ಅವನ ಹತ್ತಿರ. ಮೊದಲ ದಿನ ನೀರಿಗಿಳಿದು ಹುಡುಕುತ್ತಾನೆ. ಸಿಗದಿದ್ದರೆ ಮೂರನೇ ದಿನ ತೆಪ್ಪ ಹಾಕಿಕೊಂಡು ಹರಿವಿನ ಜೊತೆ ಹೋಗಿ, ಹೊಳೆ ತಿರುಗುವಲ್ಲಿ ಜಾಲಿಕಂಟಿಗಳ ಬುಡದಲ್ಲಿ ಕಾಯುತ್ತಾನೆ. ಹೆಣ ಅಲ್ಲಿಗೇ ಬಂದು ನಿಲ್ಲುತ್ತದೆ. ಅವನು ಬರಿಗೈಯಲ್ಲಿ ದಡಕ್ಕೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ. ಈ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು.

ನನ್ನ ತಮ್ಮ ಸರಕಾರದ ನೆರವಿನಿಂದ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ. ಇಬ್ಬರೇ ಕೂರುವ ಸಣ್ಣ ವಿಮಾನ. ರಾತ್ರಿ ಹಾರಾಟದ ಪಾಠಕ್ಕೆಂದು ಗುರುಗಳ ಜೊತೆ ಹೋದವನು ಕಡಲ ಮೇಲಿಂದ ತಿರುಗಿ ಬರಲಿಲ್ಲ. ನಾನು ಜೇವರ್ಗಿಯಲ್ಲಿ ಟೀಚರು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಫೋನು ಬಂತು. ಊರಿಗೆ ಓಡಿದೆ. ಆಳಂದದಿಂದ ಬಂದ ಸಣ್ಣವ್ವನ ಕೈಗೆ ಅವ್ವನನ್ನು ಒಪ್ಪಿಸಿ, ಅಪ್ಪನನ್ನು ಕರೆದುಕೊಂಡು ಹೊರಟೆ. ಅವ್ವ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಮಂದಿ ಮಕ್ಕಳನ್ನೆಲ್ಲ ಹುಡುಕಿ ಕೊಟ್ಟೀರಿ. ನನ್ನ ಮಗನ್ನ ಅಲ್ಲೇ ಬಿಟ್ಟು ಬರಬ್ಯಾಡ್ರಿ."

ಅಪ್ಪ ಕಡಲು ಕಂಡದ್ದು ಅದೇ ಮೊದಲು. ಬಸ್ಸಿಳಿದವನೇ ದಡದ ಮೀನುಗಾರರನ್ನು ಕೇಳಿದ: "ಅಣ್ಣಾರ, ಇದು ಯಾ ಕಡಿ ಹರೀತದ್ರಿ?"

ಅವರು ಮುಖ ಮುಖ ನೋಡಿಕೊಂಡರು. ಒಬ್ಬ ಹಿರಿಯ ಮಾತ್ರ ಅಪ್ಪನ ಪಕ್ಕ ಕೂತು, ಇದು ಹೊಳೆಯಂತಲ್ಲ, ಬರುತ್ತದೆ, ಹೋಗುತ್ತದೆ ಎಂದು ತಿಳಿಸಿ ಹೇಳಿದ. ಅಪ್ಪನ ತಲೆಗೆ ಅದು ಹೋಗಲೇ ಇಲ್ಲ. ತೆಂಗಿನ ಗರಿಯ ಚೂರೊಂದನ್ನು ಅಲೆಗೆ ಎಸೆದು ನೋಡಿದ. ಅದು ದಡದುದ್ದಕ್ಕೂ ತೆಂಕಣಕ್ಕೆ ಸರಿಯಿತು. ಸಾಕಾಯಿತು ಅವನಿಗೆ. ಮೂರನೇ ದಿನ ನಸುಕಿನಿಂದ ಸಂಜೆಯವರೆಗೆ ತೆಂಕಣಕ್ಕೆ ನಡೆದ, ನಾನು ಹಿಂದೆ ಹಿಂದೆ. ಅವತ್ತೇ ಗುರುಗಳ ಹೆಣ ಬಡಗಣ ದಿಕ್ಕಿಗೆ ಬಲು ದೂರದಲ್ಲಿ ದೋಣಿಯವರಿಗೆ ಸಿಕ್ಕಿತು. ದಿಕ್ಕು ತಪ್ಪಿದೆನೆಂದು ಅಪ್ಪ ಹಣೆ ಬಡಿದುಕೊಂಡ. ನಾಲ್ಕು ದಿನ ಬಡಗಣಕ್ಕೆ ನಡೆದೆವು. ಏನೂ ಸಿಗಲಿಲ್ಲ.

ಎಂಟನೇ ದಿನ ಪೊಲೀಸರು, ಇನ್ನು ಹುಡುಕಾಟ ನಿಲ್ಲಿಸುತ್ತೇವೆ, ಮನೆಯವರೊಬ್ಬರು ಸಹಿ ಮಾಡಬೇಕು ಎಂದರು. ಅಪ್ಪ ಕಾಗದ ಮುಟ್ಟಲಿಲ್ಲ. ಎಲ್ಲಿಂದಲೋ ಲಾರಿಯ ಟ್ಯೂಬು ತಂದು, ಧೋತರವನ್ನು ಮೇಲೆತ್ತಿ ಕಟ್ಟಿ ನೀರಿಗಿಳಿದ. ಅಲೆ ಎರಡು ಸಲ ಅವನನ್ನು ಎತ್ತಿ ದಡಕ್ಕೆ ಒಗೆಯಿತು. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಮತ್ತೆ ಎದ್ದ. ನನಗೆ ಎಂಥ ಸಿಟ್ಟು ಬಂತೆಂದರೆ, ಟ್ಯೂಬಿನ ಮೇಲೆಯೇ ಕೂತುಬಿಟ್ಟೆ.

"ಏಳು ಬೇ," ಎಂದ. "ನಾ ಬಿಟ್ಟು ಬರಂಗಿಲ್ಲ."

"ನಾನೂ ಬಿಟ್ಟು ಹೋಗಂಗಿಲ್ಲ," ಎಂದೆ. ತಲೆಯ ಪಿನ್ನು ತೆಗೆದು, ಟ್ಯೂಬಿನ ಗಾಳಿಯನ್ನೆಲ್ಲ ಬಿಟ್ಟೆ. ಆಮೇಲೆ ಹೋಗಿ ನಾನೇ ಸಹಿ ಮಾಡಿದೆ. ತಮ್ಮನನ್ನು ನೀರಿನಲ್ಲಿ ಬಿಟ್ಟುಬಿಡಿ ಎಂದು ನಾನೇ ಬರೆದುಕೊಟ್ಟ ಹಾಗೆನಿಸಿತು, ಆದರೂ ಮಾಡಿದೆ. ಊರಿನ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂರದೆ ಬೇರೆ ಸೀಟಿಗೆ ಹೋಗಿ ಕೂತ.

ಅವ್ವ ಬಾಗಿಲಲ್ಲೇ ಕೂತಿದ್ದಳು. ಅಪ್ಪ ಓಣಿಯಲ್ಲೇ ನಿಂತ. ಮನೆಯ ಕಡೆ ಹೆಜ್ಜೆ ಏಳಲಿಲ್ಲ. ನಾನು ಮುಂದೆ ಹೋಗಿ, ತಮ್ಮ ಸಿಗಲಿಲ್ಲ, ಹುಡುಕಬೇಡಿರೆಂದು ಸಹಿ ಮಾಡಿದವಳು ನಾನೇ, ಬೈಯುವುದಿದ್ದರೆ ನನಗೆ ಬೈಯಿ ಎಂದೆ. ಟ್ಯೂಬಿನ ವಿಷಯವನ್ನೂ ಹೇಳಿದೆ. ಅವ್ವ ಅಪ್ಪನ ತರಚಿದ ಮೊಣಕಾಲು ನೋಡಿದಳು. ಆಮೇಲೆ ಎದ್ದು ಓಣಿಗೆ ಬಂದು ಅವನ ಕೈ ಹಿಡಿದಳು.

"ಒಳಗ ನಡೀರಿ," ಎಂದಳು. "ಅಕಿ ನಿಮ್ಮನ್ನರ ಉಳಿಸಿ ತಂದಾಳ."

ಅಪ್ಪ ಅಲ್ಲೇ, ಓಣಿಯ ಮಂದಿಯೆಲ್ಲ ನೋಡುತ್ತಿರುವಂತೆಯೇ ಕುಸಿದು ಕೂತು ಅತ್ತ.