ಸುಮ್ಮನೆ ಕೂರುವ ಸಂಘ

ಅವರ ಹತ್ತೂ ಬೆರಳುಗಳ ತುದಿ ನೀಲಿ. ವರ್ಷಗಟ್ಟಲೆ ಕಾರ್ಬನ್ ಹಾಳೆ, ಟೈಪ್‌ರೈಟರಿನ ರಿಬ್ಬನ್ನಿನಲ್ಲೇ ಆಡಿದ ಕೈ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲವಂತೆ. ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟು ಕೂತರೆ ನೇರಳೆ ಹಣ್ಣು ತಿಂದು ಕೈ ತೊಳೆಯದ ಹುಡುಗಿಯಂತೆ ಕಾಣುತ್ತಿದ್ದರು. ಇದೆಲ್ಲ ನನಗೆ ಇಷ್ಟು ಚೆನ್ನಾಗಿ ಗೊತ್ತಿರಲು ಕಾರಣ, ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾಗ ಬಿಟ್ಟುಕೊಂಡು ಅತ್ತಿತ್ತ ನೋಡುತ್ತಿದ್ದವನು ನಾನೊಬ್ಬನೇ.

ಸಾಗರದ ಪೇಟೆಯಲ್ಲಿ ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ ಅವರ ಟೈಪಿಂಗ್ ಕ್ಲಾಸು. ಊರಿಗೆಲ್ಲ ಅವರು ಟೈಪಿಂಗ್ ಮೇಡಂ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಾಲೇಜನ್ನು ಅರ್ಧಕ್ಕೆ ಬಿಟ್ಟು, ಸೇರಿದ ಅಂಗಡಿ ಕೆಲಸವನ್ನೂ ಬಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಸುತ್ತುತ್ತಿದ್ದೆ. ಇವನು ಎಲ್ಲೂ ನಿಲ್ಲುವವನಲ್ಲ ಎಂದು ಮನೆಯವರು ತೀರ್ಮಾನಿಸಿಯಾಗಿತ್ತು. ಅವರು ಹೇಳುವುದು ನಿಜವಿರಬಹುದೆಂಬ ಭಯ ನನಗೂ ಒಳಗೊಳಗೇ ಇತ್ತು. ಹಾಗಿರುವಾಗ ಆ ಮಹಡಿಯ ಮೆಟ್ಟಿಲ ಬುಡದಲ್ಲಿ ಟೈಪ್ ಮಾಡಿ ಅಂಟಿಸಿದ ಚೀಟಿ ಕಂಡಿತು: ‘ಭಾನುವಾರ ಬೆಳಿಗ್ಗೆ ಸಂಘ. ಯಾರು ಬೇಕಾದರೂ ಬರಬಹುದು.’

ನಮ್ಮ ಕಡೆ ಸಂಘವೆಂದರೆ ಅಡಿಕೆಯದ್ದು, ಇಲ್ಲವೇ ಹಾಲಿನದ್ದು. ಹೊಸ ಸಂಘ ಎಂದರೆ ಅಲ್ಲೊಬ್ಬ ಹೊಸ ಗುಮಾಸ್ತ ಬೇಕೇ ಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

“ಬಂದ್ರಾ,” ಎಂದರು ಮೇಡಂ, ನನ್ನನ್ನೇ ಕಾಯುತ್ತಿದ್ದವರ ಹಾಗೆ.

“ಯಾವ ಸಂಘ ಮೇಡಂ? ಅಡಿಕೇದಾ, ಹಾಲಿಂದಾ?”

“ಸುಮ್ನೆ ಕೂತ್ಕೊಳ್ಳೋ ಸಂಘ. ಕೆಲ್ಸ ಇದೆ, ಸಂಬಳ ಇಲ್ಲ. ಕೂತ್ಕೊಳ್ಳಿ.”

ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೂತೆ. ಬುದ್ಧನ ದಾರಿಯಲ್ಲಿ ನಡೆಯುವವರು ಒಟ್ಟಾಗಿ ಸೇರುವುದಕ್ಕೂ ಸಂಘ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಮೇಡಂಗೆ ಇದನ್ನು ಕಲಿಸಿದ್ದು ಚಳಿಗಾಲದಲ್ಲಿ ಪೇಟೆಗೆ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿನ ಅಜ್ಜಿ. ಗಿರಾಕಿ ಇಲ್ಲದಾಗ ಆಕೆ ಸ್ವೆಟರಿನ ರಾಶಿಯ ಪಕ್ಕ ಜಪಮಣಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಮೇಡಂ ಹೋಗಿ ಪಕ್ಕದಲ್ಲಿ ಕೂತರಂತೆ, ಅಷ್ಟೇ. ಇಬ್ಬರಿಗೂ ಸರಿಯಾದ ಒಂದು ಭಾಷೆ ಇರಲಿಲ್ಲ. ಆಮೇಲೆ ಪೇಟೆಯ ಕೆಲವರು ಸೇರಿದರು. ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಮೊದಲ ಬಸ್ಸು ಹಿಡಿದು ಬರತೊಡಗಿದರು.

ನನ್ನ ಕಥೆ ಬೇರೆ. ಕೂತ ಸ್ವಲ್ಪ ಹೊತ್ತಿಗೇ ನನ್ನ ಬಲಗಾಲು ಅಲುಗಲು ಶುರುವಾಗುತ್ತಿತ್ತು. ಈಗಲೂ ಅಲುಗುತ್ತದೆ, ಇದನ್ನು ಬರೆಯುವಾಗಲೂ. ಅಲ್ಲಿಯದೋ ಹಲಗೆಯ ನೆಲ. ನನ್ನ ಕಾಲು ಅಲುಗಿದರೆ ಹಲಗೆ ಅಲುಗುತ್ತಿತ್ತು, ಹಲಗೆ ಅಲುಗಿದರೆ ಮೇಜು, ಮೇಜು ಅಲುಗಿದರೆ ಟೈಪಿಂಗ್ ಮೆಷಿನ್‌ಗಳ ತಗಡಿನ ಮುಚ್ಚಳಗಳೆಲ್ಲ ಗಡಗಡ ಎನ್ನುತ್ತಿದ್ದವು. ಒಂದು ಭಾನುವಾರ ಗೌಡರ ತಾಳ್ಮೆ ಮುಗಿಯಿತು.

“ಈ ಮಾರಾಯನ್ನ ಕೆಳಗೆ ಕೂರಿಸಿ ಮೇಡಂ. ಇಲ್ಲಾಂದ್ರೆ ನಾನು ಮುಂದಿನ ವಾರದಿಂದ ಬರೋದಿಲ್ಲ.”

ನಾನು ಎದ್ದೇಬಿಟ್ಟಿದ್ದೆ. ಬಿಟ್ಟು ಹೋಗುವುದು ನನಗೆ ಹೊಸದೇ?

“ಮಳೆಗಾಲದಲ್ಲಿ ಮೇಲಿನ ತಗಡಿನ ಸದ್ದಿಗೆ ಕೂರ್ತೀವಲ್ಲ ಗೌಡ್ರೆ,” ಎಂದರು ಮೇಡಂ. “ಈ ತಗಡೂ ಹಾಗೇ ಅಂದ್ಕೊಳ್ಳಿ. ಇವ್ರನ್ನ ಕೆಳಗೆ ಕಳ್ಸಿ ನಾವು ಮೇಲೆ ಕೂತ್ರೆ ಸಂಘ ಹೇಗಾಗ್ತದೆ?” ನನ್ನ ಕಡೆ ತಿರುಗಿ, “ಕೂರಕ್ಕಾಗ್ದಿದ್ರೆ ಹೊರಗೆ ಪಡಸಾಲೇಲಿ ನಿಧಾನ ನಡೀರಿ. ಅದೂ ಇದೇ ಕೆಲ್ಸ,” ಎಂದರು.

ಗೌಡರು ಮುಖ ಊದಿಸಿಕೊಂಡರು. ಆದರೂ ಮುಂದಿನ ವಾರ ಬಂದರು.

ಹಾಗೆ ಹೊರಗೆ ನಡೆಯುವಾಗಲೇ ನಾನು ಚಪ್ಪಲಿಗಳನ್ನು ನೋಡಿದ್ದು. ಎಲ್ಲರೂ ಬಾಗಿಲಿಗೆ ಮುಖ ಮಾಡಿ ಹೇಗೆಂದರೆ ಹಾಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಎಲ್ಲರೂ ಕೂತ ಮೇಲೆ ಮೇಡಂ ಹೊರಗೆ ಬಂದು, ಬಗ್ಗಿ, ಒಂದೊಂದು ಜೊತೆಯನ್ನೂ ಮೆಟ್ಟಿಲ ಕಡೆಗೆ ತಿರುಗಿಸಿಡುತ್ತಿದ್ದರು. ಬೇರೆಯವರ ಚಪ್ಪಲಿ ಮುಟ್ಟುವುದೇ? ನನಗೆ ಕಸಿವಿಸಿಯಾಯಿತು. ಕೇಳಿಯೂಬಿಟ್ಟೆ.

ಆ ದಿನ ಅವರು ತಮ್ಮ ಬಗ್ಗೆ ಹೇಳಿಕೊಂಡರು. ಅದೊಂದೇ ಸಲ. ಅವರು ಮುಳುಗಡೆಯವರು, ಹೊಸನಗರ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು.

“ಆಮೇಲೆ ಯಾರ್ಯಾರದೋ ಮನೇಲಿದ್ವಿ. ಎಲ್ಲಿ ಹೋದ್ರೂ ‘ಎಷ್ಟು ದಿನ ಇರ್ತೀರಿ’ ಅಂತ ಕೇಳೋರು. ‘ಬಂದ್ರಾ’ ಅಂತ ಒಬ್ರೂ ಅನ್ಲಿಲ್ಲ. ಅದಕ್ಕೇ ನಾನು ಅಂತೀನಿ. ಹಾಗಂತ ಬಂದೋರನ್ನ ಕಟ್ಟಿ ಹಾಕಬಾರ್ದು ನೋಡಿ. ಎದ್ದು ಹೋಗೋರಿಗೆ ಚಪ್ಪಲಿ ತಯಾರಿರ್ಬೇಕು. ಹೋಗೋಕೆ ಬಿಟ್ರೆ ತಾನೆ ವಾಪಸ್ ಬರೋದು?”

ನಾನು ಹೋದೆ. ಹೊಸನಗರದ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು, ಭಾನುವಾರ ರಜೆ ಇಲ್ಲವೆಂಬ ನೆಪವೂ ಸಿಕ್ಕಿತು. ಒಂದಿಡೀ ಮಳೆಗಾಲ ಆ ಬೀದಿಗೇ ಕಾಲಿಡಲಿಲ್ಲ. ಕೊನೆಗೆ ಬಸ್ಸಿನಲ್ಲಿ ಯಾರದೋ ತಗಡಿನ ಪೆಟ್ಟಿಗೆ ಗಡಗಡ ಎನ್ನುವುದನ್ನು ಕೇಳಿ ಆ ಮಹಡಿ ಎಷ್ಟು ನೆನಪಾಯಿತೆಂದರೆ, ಮುಂದಿನ ಭಾನುವಾರ ಡ್ಯೂಟಿ ಬದಲಾಯಿಸಿಕೊಂಡು ಹೋದೆ. ಏನು ಹೇಳುವುದೆಂದು ಮೆಟ್ಟಿಲ ಮೇಲೆ ಸುಳ್ಳುಗಳನ್ನು ಜೋಡಿಸಿಕೊಂಡೆ. ಒಂದೂ ಬೇಕಾಗಲಿಲ್ಲ.

“ಬಂದ್ರಾ. ಕೂತ್ಕೊಳ್ಳಿ.”

ಆಮೇಲೂ ಎಷ್ಟೋ ಸಲ ಬಿಟ್ಟೆ, ಎಷ್ಟೋ ಸಲ ಮರಳಿ ಹೋದೆ. ಬೇರೆ ಕಡೆಯೆಲ್ಲ ಬಿಟ್ಟರೆ ಮುಗಿಯಿತು. ಅಲ್ಲಿ ಮಾತ್ರ ಬಿಟ್ಟದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ಎದೆನೋವೆಂದು ಮಲಗಿದ ಮೇಡಂ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ಓಡಿದೆ. ಮುಖ ನೋಡಲಾಗದೆ ಕೈ ನೋಡಿದೆ. ಬೆರಳ ತುದಿಗಳು ಹಾಗೇ ನೀಲಿಯಾಗಿದ್ದವು. ಅಲ್ಲೇ ಅತ್ತುಬಿಟ್ಟೆ.

ಮುಂದಿನ ಭಾನುವಾರ ಎಲ್ಲರೂ ಮಹಡಿಗೆ ಬಂದರು. ಸ್ವೆಟರ್ ಅಜ್ಜಿ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ‘ಬಂದ್ರಾ’ ಎನ್ನುವವರಿಲ್ಲದ ಬಾಗಿಲು ದಾಟುವುದೇ ಕಷ್ಟವಾಯಿತು. ಕೂತೆ, ಆಗಲಿಲ್ಲ. ಇನ್ನು ಇಲ್ಲಿ ನನಗೇನಿದೆ ಎನಿಸಿತು. ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಎದ್ದು ಹೊರಗೆ ಬಂದೆ.

ಅವಸರದಲ್ಲಿ ಬಾಗಿಲಿಗೆ ಮುಖ ಮಾಡಿ ಬಿಟ್ಟಿದ್ದ ನನ್ನ ಚಪ್ಪಲಿ ಮೆಟ್ಟಿಲ ಕಡೆಗೆ ತಿರುಗಿತ್ತು. ಎಲ್ಲರದ್ದೂ ತಿರುಗಿತ್ತು. ಎಲ್ಲರಿಗಿಂತ ಕೊನೆಗೆ ಒಳಗೆ ಬಂದವರು ಗೌಡರು.

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅದನ್ನು ಕಳಚಿ, ಮತ್ತೆ ಮೆಟ್ಟಿಲ ಕಡೆಗೇ ತಿರುಗಿಸಿಟ್ಟು ಒಳಗೆ ಹೋಗಿ ಕೂತೆ. ಕಾಲು ಅಲುಗಿತು. ಮುಚ್ಚಳಗಳು ಗಡಗಡ ಎಂದವು.

ಗೌಡರು ಕಣ್ಣು ತೆರೆಯಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, “ಬಂದ್ಯಾ,” ಎಂದರು.