ಜೆಂತೋಕು ಅಣ್ಣನ ಕಡೇ ಹಾಡು

ನಮ್ಮ ದ್ವೀಪದ ಕೊಝಾ ಊರಿನ ಗಲ್ಲಿಯೊಂದರಲ್ಲಿ ಒಂದು ಕಾಲಕ್ಕೆ ಎಷ್ಟು ಬಾರುಗಳಿದ್ದವೆಂದರೆ, ಪ್ರತಿಯೊಬ್ಬ ಗಂಡಸೂ ಏಕಕಾಲಕ್ಕೆ ಮೂರು ಕಡೆ ಕುಳಿತರೆ ಮಾತ್ರ ಎಲ್ಲವೂ ತುಂಬುತ್ತಿದ್ದವು. ಕೆಲವರು ಆ ಪ್ರಯತ್ನವನ್ನೂ ಮಾಡಿದರು. ಈಗ ಹಾಡು ಕೇಳಿಸುವುದು ಒಂದೇ ಕಡೆ, ಗಾಕಿಯಾ ಜೆಂತೋಕು ಮತ್ತು ಅವನ ಹೆಂಡತಿ ಯೋನೆಕೊ ನಡೆಸುವ ಸಣ್ಣ ಅಂಗಡಿಯಲ್ಲಿ. ಅವನು ಹಾವಿನ ಚರ್ಮ ಬಿಗಿದ ಮೂರು ತಂತಿಯ ಸಾನ್ಶಿನ್ ನುಡಿಸುತ್ತ ಹಾಡುತ್ತಾನೆ. ಅವಳು ಅಕ್ಕಿಯ ಸಾರಾಯಿ ಅವಮೋರಿ ಬಗ್ಗಿಸಿ ಕೊಡುತ್ತಾಳೆ, ತೋಫು ಹಾಕಿ ಹಾಗಲಕಾಯಿ ಹುರಿಯುತ್ತಾಳೆ. ಮೂವತ್ತೆರಡು ವರ್ಷದಿಂದ ಅವನ ಪಕ್ಕದಲ್ಲಿ ಡೋಲು ಬಾರಿಸುವವನು ನಾನು.

ಜೆಂತೋಕು ಮೊದಲು ಕಬ್ಬಿನ ಲಾರಿ ಓಡಿಸುತ್ತಿದ್ದ. ಹಾಡಿನ ಅಬ್ಬರಕ್ಕೆ ಎಂಜಿನ್ ಕೆಟ್ಟು ನಿಂತದ್ದು ಗೊತ್ತಾಗದೆ ಲಾರಿ ಇನ್ನೂ ಎರಡು ಮೈಲಿ ಓಡಿತ್ತೆಂದು ನಾನೇ ಹಲವರಿಗೆ ಹೇಳಿದ್ದೇನೆ, ಈಗ ನನಗೂ ನಂಬಿಕೆ ಬಂದಿದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುತ್ತಿದ್ದವಳು ಯೋನೆಕೊ. ಅವಳನ್ನು ಹೆಚ್ಚು ಸಲ ನೋಡಬೇಕೆಂದು ಅವನು ಅರ್ಧರ್ಧ ಲೋಡು ತರುತ್ತಿದ್ದ. ಮದುವೆಯಾದ ಮೇಲೆ ಲಾರಿ ಬಿಟ್ಟು ಅಂಗಡಿ ತೆರೆದರು. ನಾನೂರು ಹಾಡು ಅವನ ಬಾಯಲ್ಲೇ ಇದ್ದವು. ಬರೆದಿಟ್ಟುಕೋ ಎಂದರೆ, ಬರೆದಿಡುವವನಿಗೆ ಮರೆಯುವ ಆಲೋಚನೆ ಮೊದಲೇ ಇರುತ್ತದೆ ಎಂದು ನಗುತ್ತಿದ್ದ.

ನಮ್ಮಲ್ಲಿ ಕುಣಿತದ ಹಾಡು ಕಚಾಶಿ ಬಂದರೆ ಅಂಗಡಿ ಮುಚ್ಚುವ ಹೊತ್ತಾಯಿತೆಂದು ಅರ್ಥ. ಎಲ್ಲರೂ ಎದ್ದು, ಎರಡೂ ಕೈ ತಲೆಯ ಮೇಲೆತ್ತಿ, ಅಂಗೈ ಹೊರಳಿಸುತ್ತ ಕುಣಿಯಬೇಕು. ಹಾಡು ನಡೆಯುತ್ತಿರುವಾಗ ಕೂರುವುದು ಹಾಡಿದವನ ಮುಖಕ್ಕೆ ಬಾಗಿಲು ಹಾಕಿದಂತೆ. ಕಾಲು ಮುರಿದವನೂ ಕೂತಲ್ಲೇ ಕೈ ಎತ್ತುತ್ತಾನೆ.

ಹೋದ ಚಳಿಗಾಲದಲ್ಲಿ ಒಂದು ದಿನ ಜೆಂತೋಕು ಐದು ನುಡಿಯ ಆ ಹಾಡಿನಲ್ಲಿ ನಾಲ್ಕನೇ ನುಡಿಯ ಕೊನೆಗೆ ಬಂದು ತಡವರಿಸಿದ, ಮೊದಲನೇ ನುಡಿಗೆ ಹಿಂತಿರುಗಿದ. ಮತ್ತೆ ನಾಲ್ಕು, ಮತ್ತೆ ಒಂದು. ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ಕಾಲು ಗಂಟೆ ಕುಣಿದೆವು. ಮರುವಾರ ಅರ್ಧ ಗಂಟೆ. ಟ್ಯಾಕ್ಸಿ ಓಡಿಸುವ ಜುಕೆರಾನನ ಹೊಟ್ಟೆ ಎಷ್ಟು ಕರಗಿತೆಂದರೆ ಅವನ ಹೆಂಡತಿ ಬೇರೆಯವನೆಂದು ಬಾಗಿಲು ತೆಗೆಯಲಿಲ್ಲ. ನಗುತ್ತ ನಗುತ್ತಲೇ ನಮಗೆ ಅರ್ಥವಾಯಿತು: ಅವನಿಗೆ ಹಾಡಿನ ಕೊನೆ ಸಿಗುತ್ತಿಲ್ಲ.

ಹಾಡು ನಿಲ್ಲಲೆಂದು ಯೋನೆಕೊ ದೀಪ ಆರಿಸಿ ನೋಡಿದಳು. ಕತ್ತಲಲ್ಲಿ ಅವನು ಇನ್ನೂ ಚೆನ್ನಾಗಿ ಹಾಡಿದ. ತಂತಿ ಮೀಟುವ ಕೊಂಬಿನ ಉಗುರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು. ಅವನು ಊಟದ ಕಡ್ಡಿಯಿಂದ ಮೀಟಿದ. ಆಸ್ಪತ್ರೆಯಲ್ಲಿ ಡಾಕ್ಟರು ಮೆದುಳಿನ ಚಿತ್ರ ತೋರಿಸಿ, ಇದು ಮುಂದೆ ಹೋಗುವುದೇ ಹೊರತು ಹಿಂದೆ ಬರುವುದಿಲ್ಲ ಎಂದರಂತೆ.

ಮೇ ತಿಂಗಳಲ್ಲಿ, ಅಂಗಡಿಗೆ ತಪ್ಪದೆ ಬರುವ ಎಂಬತ್ತಾರರ ನಾಬೆ ಅಜ್ಜಿ ಕುಣಿಯುತ್ತ ಕುಣಿಯುತ್ತ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೂರಬಹುದಿತ್ತಲ್ಲ ಎಂದು ಕೇಳಿದರೆ, ಅವನು ಹಾಡ್ತಿರೋವಾಗ ಹೇಗೆ ಕೂರೋದು ಎಂದು ನಮ್ಮನ್ನೇ ಗದರಿದಳು.

ಮಾರನೇ ಸಂಜೆ ಬಾಗಿಲು ತೆರೆಯುವ ಮುಂಚೆ ಯೋನೆಕೊ ನನ್ನನ್ನು ಅಡುಗೆಮನೆಗೆ ಕರೆದಳು. ಈರುಳ್ಳಿ ಹೆಚ್ಚುತ್ತಿದ್ದಳು, ಹಾಗಾಗಿ ಕಣ್ಣೀರಿನ ಲೆಕ್ಕ ಹಿಡಿಯಲಾಗಲಿಲ್ಲ.

"ಇವತ್ತೊಂದಿನ ನೋಡ್ತೀನಿ. ಅವರು ತಾವಾಗೇ ಹಾಡು ಮುಗಿಸಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಸಾನ್ಶಿನ್ ಅಟ್ಟಕ್ಕೆ."

"ಅಟ್ಟಕ್ಕೆ ಹಾಕಿದ್ರೆ ಅಣ್ಣ ಏನು ಮಾಡ್ತಾರೆ ಅಕ್ಕ?"

"ನನಗೇನು ಗೊತ್ತು? ಮೂರು ಸುತ್ತು ಆದ್ಮೇಲೆ ನೀನು ಡೋಲು ನಿಲ್ಲಿಸು. ತಾಳ ನಿಂತ್ರೆ ಹಾಡು ತಾನೇ ಬೀಳುತ್ತೆ."

ಅಂದು ಅವನು ಎಲ್ಲ ಹಾಡುಗಳನ್ನೂ ಸೊಗಸಾಗಿ ಹಾಡಿದ. ಒಂದು ಪ್ರೇಮಗೀತೆಗೆ ಬೀದಿನಾಯಿಗಳೂ ಜೋಡಿ ಜೋಡಿಯಾಗಿ ಕೂತವು. ಆಮೇಲೆ ಕಚಾಶಿ ಎತ್ತಿಕೊಂಡ. ಹದಿನಾಲ್ಕು ಜನ ಎದ್ದರು. ಒಂದು ಸುತ್ತು. ಎರಡು. ಮೂರನೆಯದರಲ್ಲಿ ನಾಲ್ಕನೇ ನುಡಿ ಬಂತು. ಅವನ ಹುಬ್ಬು ಗಂಟಾಯಿತು. ಐದನೆಯದರ ಮೊದಲ ಪದ ನನ್ನ ತುಟಿಯ ಮೇಲಿತ್ತು, ಜುಕೆರಾನನ ತುಟಿಯ ಮೇಲೂ ಇತ್ತು. ಒಬ್ಬರೂ ಎತ್ತಿಕೊಡಲಿಲ್ಲ. ಅವನು ಹಗುರವಾಗಿ ನಕ್ಕು ಮೊದಲನೆಯದಕ್ಕೆ ಮರಳಿದ.

ನಾನು ಕೋಲು ಕೆಳಗಿಟ್ಟೆ.

ಹಾಡು ಬೀಳಲಿಲ್ಲ. ಜೆಂತೋಕು ಮೀಟುತ್ತಲೇ ನನ್ನತ್ತ ಬಾಗಿದ. "ಏನೋ, ಇಷ್ಟಕ್ಕೇ ಕೈ ಸೋತೋಯ್ತಾ? ಈಗ ತಾನೇ ಶುರು ಮಾಡಿದ್ದೀನಿ" ಎಂದ. ವಯಸ್ಸಾದವನ ಮೇಲೆ ಹುಟ್ಟುವ ಕನಿಕರ ಅವನ ದನಿಯಲ್ಲಿತ್ತು. ನಾನು ಅವನಿಗಿಂತ ಹದಿನೊಂದು ವರ್ಷ ಚಿಕ್ಕವನು.

ಯೋನೆಕೊ ಕೈ ಒರೆಸಿಕೊಂಡು ಬಂದಳು. ಅವನೆದುರು ಮೊಣಕಾಲೂರಿ, ತಂತಿಗಳ ಮೇಲೆ ಅಂಗೈ ಇಟ್ಟಳು. ನಾದ ಕತ್ತರಿಸಿದಂತೆ ನಿಂತಿತು. ಬಾಯಿ ನಿಲ್ಲಲಿಲ್ಲ. ತಂತಿಯಿಲ್ಲದೆ, ತಾಳವಿಲ್ಲದೆ ಅವನು ಅವಳ ಮುಖ ನೋಡುತ್ತಲೇ ಎರಡನೇ ನುಡಿ ಹಾಡಿದ, ಮೂರನೆಯದು ಹಾಡಿದ. ಬಾಯಿಯ ಮೇಲೆ ಕೈ ಇಡಲು ಅವಳಿಂದಾಗಲಿಲ್ಲ. ಹಿಂದೆ ಹದಿನಾಲ್ಕು ಜೊತೆ ಕೈಗಳು ಮೇಲೇ ಇದ್ದವು, ಹೊರಳದೆ, ಇಳಿಯದೆ.

ಅವನು ನಾಲ್ಕನೆಯದಕ್ಕೆ ಬಂದ. ತಡವರಿಸಿದ. ಮೊದಲನೆಯದು ಶುರುವಾಯಿತು.

ಯೋನೆಕೊ ತಂತಿಯಿಂದ ಕೈ ತೆಗೆದು ನನ್ನತ್ತ ತಿರುಗಿದಳು. "ಬಾರಿಸು" ಎಂದಳು. "ಸ್ವಲ್ಪ ನಿಧಾನಕ್ಕೆ ಬಾರಿಸು. ನಿಮ್ಮಣ್ಣಂಗೆ ಉಸಿರು ಸಾಲ್ತಿಲ್ಲ."