ಮೂವತ್ತೆಂಟು ಸೆಕೆಂಡಿನ ಲೆಕ್ಕದ ಟೀಚರ್

ಲೆಕ್ಕದ ಟೀಚರ್ ಇಪ್ಪತ್ತೇಳು ವರ್ಷ ಬೇಕೆಂದೇ ತಪ್ಪು ಮಾಡಿಕೊಂಡು ಬಂದವರು. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ, ಬಿಡಿಸಿಯೇ ಹೇಳಬೇಕು. ವಾರಕ್ಕೊಂದು ಸಲ, ಪಾಠ ಸರಾಗವಾಗಿ ಸಾಗುತ್ತಾ ಮಕ್ಕಳ ಕಣ್ಣು ಎಳೆಯತೊಡಗಿದಾಗ, ಅವರು ಹಲಗೆಯ ಮೇಲೆ ಒಂದು ಸಾಲು ತಪ್ಪಾಗಿ ಬರೆದು ಏನೂ ಆಗದವರಂತೆ ಮುಂದಕ್ಕೆ ಹೋಗುತ್ತಿದ್ದರು. ಯಾರಾದರೂ ಎದ್ದು "ಟೀಚರ್, ಅದು ತಪ್ಪು" ಎಂದರೆ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಸೊಂಟಕ್ಕೆ ಕೈಕೊಟ್ಟು ಜಗಳಕ್ಕೇ ನಿಲ್ಲುತ್ತಿದ್ದರು. ಮಗು ಹೆದರಿ ಕೂತುಬಿಟ್ಟರೆ ಆಟ ಅಲ್ಲಿಗೆ ಮುಗಿಯಿತು. ಹೆದರದೆ ಮುಂದೆ ಬಂದು, ಸೀಮೆಸುಣ್ಣ ಇಸಿದುಕೊಂಡು, ಹೇಗೆ ತಪ್ಪು ಎಂದು ತೋರಿಸಿಕೊಟ್ಟರೆ ಟೀಚರ್ "ಸಿಕ್ಕಿಬಿದ್ದೆ!" ಎಂದು ಎರಡೂ ಕೈ ಮೇಲೆತ್ತುತ್ತಿದ್ದರು. ಗಂಟೆ ಹೊಡೆಯುವ ತನಕ ಆ ಮಗು ಟೀಚರ ಕುರ್ಚಿಯಲ್ಲಿ ಕೂರಬಹುದಿತ್ತು.

ಈ ಆಟ ಯಾವ ತರಬೇತಿಯಲ್ಲಿಯೂ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ನಿಜವಾಗಿಯೇ ಕೈತಪ್ಪಿತ್ತು. ಹಿಂದಿನ ಬೆಂಚಿನ ಒಬ್ಬ ಎದ್ದು ಹೇಳಿದ. ಆವತ್ತು ತರಗತಿಯಲ್ಲಿ ಎದ್ದ ಗಲಗಲವನ್ನು, ಅಷ್ಟೂ ಮಕ್ಕಳು ಹಲಗೆಯನ್ನು ದಿಟ್ಟಿಸಿ ನೋಡಿದ್ದನ್ನು ಕಂಡು ಟೀಚರಿಗೆ ಹೊಟ್ಟೆ ತುಂಬಿದಂತಾಯಿತು. ದೊಡ್ಡವರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬಾರದು ಎಂಬುದನ್ನು ಬಾಯಲ್ಲಿ ಹೇಳಿದರೆ ಯಾವ ಮಗು ಕೇಳುತ್ತದೆ? ಮಾಡಿಸಿಯೇ ಕಲಿಸಬೇಕು. ಅಂದಿನಿಂದ ಶುರುವಾಯಿತು.

ಈಗ ಫೋನು, ಟ್ಯಾಬು ಎಂದ ಕೂಡಲೇ ಟೀಚರನ್ನು ಹಳೇ ಕಾಲದ ಗೊಣಗಪ್ಪನ ಸಾಲಿಗೆ ಸೇರಿಸಬೇಡಿ. ಆಡಳಿತ ಮಂಡಳಿ ಎಂಟನೇ ತರಗತಿಯ ಪ್ರತಿ ಮಗುವಿಗೂ ಟ್ಯಾಬ್ ಕಡ್ಡಾಯ ಮಾಡಿದಾಗ ಸ್ಟಾಫ್ ರೂಮಿನಲ್ಲಿ ಮೊದಲು ಕಲಿತವರೇ ಅವರು. ಘನವನ್ನು ಬೆರಳಲ್ಲಿ ತಿರುಗಿಸಿ ಅದರ ಆರೂ ಮುಖ ತೋರಿಸಬಹುದು ಎಂದು ಗೊತ್ತಾದ ದಿನ ಚಿಕ್ಕ ಹುಡುಗಿಯಂತೆ ಖುಷಿಪಟ್ಟಿದ್ದರು. ಅವರಿಗೆ ಬೇಸರವಿದ್ದದ್ದು ಬೇರೆ ವಿಷಯಕ್ಕೆ. ಲೆಕ್ಕದ ಫೋಟೋ ಹಿಡಿದರೆ ಉತ್ತರ ಬಂದು ಬೀಳುವ ಆ್ಯಪ್ ಬಂದಮೇಲೆ ಮಕ್ಕಳ ಪುಸ್ತಕದಲ್ಲಿ ತಪ್ಪುಗಳೇ ಕಾಣೆಯಾಗಿದ್ದವು. ತಪ್ಪೇ ಇಲ್ಲದ ಪುಸ್ತಕಕ್ಕೆ ಸಹಿ ಹಾಕುವಾಗ ಅವರ ಮೈ ಉರಿಯುತ್ತಿತ್ತು. ಅದಕ್ಕೇ ಆ ವರ್ಷ ಆಟವನ್ನು ಇನ್ನಷ್ಟು ಹೆಚ್ಚು ಆಡಿದರು. ಕೇಡು ಕಾದಿದ್ದದ್ದೂ ಅಲ್ಲಿಯೇ.

ಆ ಎಂಟನೇ ತರಗತಿಗೆ ಈ ಆಟ ನಾಲ್ಕನೇ ಸಲ. ಟೀಚರ್ ಹಲಗೆಯ ಮೇಲೆ ಮೂರು ಮತ್ತು ನಾಲ್ಕನ್ನು ಕೂಡಿಸಿ ಆವರಣ ಹಾಕಿ, ಅದರ ವರ್ಗ ಎಂದು ಬರೆದರು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿಸಿದರೆ ಇಪ್ಪತ್ತೈದು ಎಂದು ಕೆಳಗೆ ಗೆರೆ ಎಳೆದರು. ಮೊದಲ ಬೆಂಚಿನ ಕನ್ನಡಕದ ಹುಡುಗಿ ಎದ್ದಳು. "ಟೀಚರ್, ಮೂರೂ ನಾಲ್ಕೂ ಏಳಲ್ವಾ? ಏಳರ ವರ್ಗ ನಲವತ್ತೊಂಬತ್ತು."

"ಏನು? ಇಪ್ಪತ್ತೇಳು ವರ್ಷದಿಂದ ಪಾಠ ಮಾಡ್ತಿರೋಳಿಗೆ ನೀನು ಹೇಳ್ಕೊಡ್ತೀಯಾ? ನಾನು ಇಪ್ಪತ್ತೈದು ಅಂದ್ಮೇಲೆ ಇಪ್ಪತ್ತೈದೇ. ಟೀಚರ್ ನಾನೋ ನೀನೋ? ಕೂತ್ಕೋ!"

ಹುಡುಗಿ ಕೂರಲಿಲ್ಲ. ಮುಂದೆ ಬಂದಳು, ಏಳು ಮನೆ ಅಗಲ ಏಳು ಮನೆ ಎತ್ತರದ ಚೌಕ ಎಳೆದಳು. ಒಂದು ಮೂಲೆಯಲ್ಲಿ ಒಂಬತ್ತು ಮನೆ, ಎದುರು ಮೂಲೆಯಲ್ಲಿ ಹದಿನಾರು ಮನೆ ಗುರುತಿಸಿ, "ಉಳಿದ ಈ ಎರಡು ಹನ್ನೆರಡನ್ನ ನೀವು ನುಂಗಿಬಿಟ್ರಿ ಟೀಚರ್" ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ಎರಡೂ ಕೈ ಎತ್ತಿ ಶರಣಾದರು. ಚೌಕ ಎಳೆದು ತೋರಿಸುವುದನ್ನು ಅವರು ಹೇಳಿಕೊಟ್ಟೇ ಇರಲಿಲ್ಲ, ಹುಡುಗಿ ತಾನೇ ಕಂಡುಕೊಂಡಿದ್ದಳು. ಆವತ್ತು ಬಸ್ಸಿನಲ್ಲಿ ನಿಂತು ಮನೆಗೆ ಬರುವಾಗಲೂ ಅವರ ಮುಖದಲ್ಲಿ ನಗುವಿತ್ತು.

ಮೂರು ದಿನದ ಮೇಲೆ, ಸಂಜೆ ಚಹಾ ಕುಡಿಯುವ ಹೊತ್ತು. ಟೀಚರ ಗಂಡ ಅಂಚೆ ಕಚೇರಿಯಿಂದ ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರ ಕಾಗದ ಹಂಚಿದ ಕೈ ಸುಮ್ಮನಿರುತ್ತದೆಯೇ? ಈಗ ಫೋನಿಗೆ ಬಂದದ್ದನ್ನೆಲ್ಲ ಹಂಚುವುದೇ ಅವರ ನೌಕರಿ. ತಂಗಿ ಕಳಿಸಿದ ವಿಡಿಯೋ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಲೇ, ಇಲ್ಲಿ ನೋಡೇ. ಎಂಥೆಂಥಾ ಟೀಚರ್‌ಗಳಿದಾರೆ ಪ್ರಪಂಚದಲ್ಲಿ! ಏಳರ ವರ್ಗ ಇಪ್ಪತ್ತೈದಂತೆ, ಅದರ ಮೇಲೆ ಆ ಮಗೂಗೇ ಗದರ್ತಾಳೆ!"

ಪರದೆಯ ಮೇಲೆ ಒಂದು ಬೆನ್ನು, ತುರುಬಿಗೆ ಸಿಕ್ಕಿಸಿದ ಒಂದು ಪೆನ್ಸಿಲು. 'ಕೂತ್ಕೋ!' ಎಂಬಲ್ಲಿಗೆ ಮುಗಿಯುತ್ತಿತ್ತು, ಮೂವತ್ತೆಂಟು ಸೆಕೆಂಡು. ಗಂಡ ಇನ್ನೊಮ್ಮೆ ಹಾಕಿದರು. ಆಗ ದನಿಯ ಗುರುತು ಸಿಕ್ಕಿತು. ಅವರ ನಗು ಬಾಯಲ್ಲೇ ನಿಂತಿತು. ಹೆಂಡತಿಯ ತುರುಬಿನಲ್ಲಿ ಈಗಲೂ ಇದ್ದ ಪೆನ್ಸಿಲನ್ನು ನೋಡಿದರು.

"ರೀ, ಇದನ್ನ ನೀವು ಯಾರಿಗಾದ್ರೂ ಕಳಿಸಿದ್ರಾ?" ಟೀಚರ್ ಕೇಳಿದ್ದು ಅಷ್ಟೇ.

ಅವರು ಮೂರು ಗುಂಪುಗಳಿಗೆ ಕಳಿಸಿಯಾಗಿತ್ತು.

ಆ ಸಂಜೆ ಟೀಚರ್ ವಿಡಿಯೋದ ಕೆಳಗೆ ಜನ ಬರೆದದ್ದನ್ನೆಲ್ಲ ಓದಿದರು. ಓದಬಾರದಿತ್ತು. 'ಇವಳಿಗೆ ಸಂಬಳ ಬೇರೆ ಕೇಡು' ಎಂದು ಒಬ್ಬ. 'ಅಹಂಕಾರ ನೋಡಿ' ಎಂದು ಇನ್ನೊಬ್ಬಳು. ಬಯ್ದವರಲ್ಲಿ ಅವರ ಕೈಯಲ್ಲೇ ಕಲಿತ ಇಬ್ಬರ ಹೆಸರೂ ಇತ್ತು. ಒಂದು ಕಾಲಕ್ಕೆ ಅದೇ ಕುರ್ಚಿಯಲ್ಲಿ ಕೂತು ಬೀಗಿದವರು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅವರು ನೋಡಿರಲಿಕ್ಕಿಲ್ಲ ಎಂದು ಟೀಚರ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಊರೆಲ್ಲ ನೋಡಿದ್ದನ್ನು ಅವರು ಮಾತ್ರ ನೋಡಿರಲಿಲ್ಲವಂತೆ!

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಮೇಷ್ಟ್ರು ಕಾರಿಡಾರಿನಲ್ಲೇ ಅಡ್ಡಗಟ್ಟಿದರು. ಶಾಲೆಯ ಟ್ಯಾಬಿನಲ್ಲಿ ತೆಗೆದ ಚಿತ್ರವೆಲ್ಲ ತಾನಾಗಿಯೇ ಶಾಲೆಯ ಖಾತೆಗೂ ಬಂದು ಕೂರುತ್ತಿತ್ತು, ಅದು ಮಕ್ಕಳಿಗೆ ಗೊತ್ತಿರಲಿಲ್ಲ. "ಪೂರ್ತಿ ಇದೆ ಟೀಚರ್, ನಾಲ್ಕೂವರೆ ನಿಮಿಷ. ಚೌಕ, ನಗು, ನೀವು ಕೈ ಎತ್ತಿದ್ದು, ಎಲ್ಲಾ. ತೆಗೆದೋನು ಆ ಕಿಟಕಿ ಪಕ್ಕದೋನು. ಮನೇಲಿ ಕತ್ತರಿಸಿ ಅವನ ಚಾನೆಲ್‌ಗೆ ಹಾಕಿದಾನೆ." ಪೆನ್‌ಡ್ರೈವನ್ನು ಅವರ ಅಂಗೈಯಲ್ಲಿಟ್ಟರು. ಟೀಚರಿಗೆ ಹೋದ ಜೀವ ಬಂದಂತಾಯಿತು.

ಹೆಡ್ ಮಿಸ್ ಕೋಣೆಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಕೂತಿದ್ದರು. ನಾಲ್ಕೂವರೆ ನಿಮಿಷದ ವಿಡಿಯೋವನ್ನು ಅವರೂ ಪೂರ್ತಿ ನೋಡಲಿಲ್ಲ, ಎರಡು ಸಲ ಮುಂದಕ್ಕೆ ಓಡಿಸಿದರು.

"ನಿಮ್ಮ ತಪ್ಪಿಲ್ಲ ಅಂತ ನಮಗೆ ಗೊತ್ತಾಯ್ತು ಮೇಡಂ. ಆದ್ರೆ ನಾಳೆ ಅಡ್ಮಿಷನ್‌ಗೆ ಬರೋರಿಗೆ ಏನು ಹೇಳೋಣ? ಎರಡೇ ದಾರಿ. ಇದನ್ನ ಹಾಕೋಣ, ಹುಡುಗ ಮೋಸ ಮಾಡಿದಾನೆ ಅಂತ ಬರೆಯೋಣ, ಟಿ.ಸಿ. ಕೊಟ್ಟು ಕಳಿಸೋಣ. ಬೇಡ ಅಂದ್ರೆ ನೀವು ಒಂದು ಕ್ಷಮಾಪಣೆ ಬರೆದುಕೊಡಿ, ನಮ್ಮ ಪೇಜಿಗೆ ಹಾಕ್ತೀವಿ. ಯಾವುದಾದ್ರೂ ಸರಿ, ಇವತ್ತೇ ಆಗ್ಬೇಕು."

"ವಿಡಿಯೋ ಮಾತ್ರ ಹಾಕಿ ಸರ್. ಹುಡುಗನ ಹೆಸರು ಎತ್ತೋದು ಬೇಡ."

"ಅವನ ಚಾನೆಲ್‌ನಲ್ಲಿ ಅವನ ಮುಖಾನೇ ಇದೆಯಲ್ಲ ಮೇಡಂ! ನಾವು ಎತ್ತದಿದ್ರೂ ಜನ ಬಿಡ್ತಾರಾ? ನಿಮಗೆ ಬರೆದಿದ್ದನ್ನೆಲ್ಲ ಅವನಿಗೆ ತಿರುಗಿಸಿ ಬರೀತಾರೆ."

ಹೆಡ್ ಮಿಸ್ ಈ ಆಟವನ್ನು ಹದಿನೈದು ವರ್ಷದಿಂದ ಬಲ್ಲವರು, ಹೊಸ ಟೀಚರ್‌ಗಳಿಗೆ ಹೇಳಿ ಹೊಗಳಿದವರು. ಅವರು ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಾ ಕೂತಿದ್ದರು. ಕಾರ್ಯದರ್ಶಿ ಸಂಜೆಯವರೆಗೆ ಸಮಯ ಕೊಟ್ಟು ಎದ್ದರು.

ಶಾಲೆಯಿಂದ ಫೋನು ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ಹುಡುಗನ ತಾಯಿ ಬಂದಳು. ಆಸ್ಪತ್ರೆಯಲ್ಲಿ ಆಯಾ, ಕೆಲಸದ ನಡುವೆ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲೇ ಟೀಚರ ಕೈ ಹಿಡಿದುಕೊಂಡಳು. "ಅಕ್ಕಾ, ಇವನನ್ನ ಇಲ್ಲಿಂದ ತೆಗೆದ್ರೆ ಇನ್ನೆಲ್ಲಿ ಸೇರಿಸ್ಲಿ? ಇಂಥಾ ಶಾಲೇಲಿ ಸೀಟು ಸಿಗೋಕೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ? ನಿಮ್ಮ ಮಗ ಅಂದ್ಕೊಂಡು ಬಿಟ್ಬಿಡಿ."

ಹುಡುಗ ತಾಯಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದ. "ಯಾಕಪ್ಪಾ ಮಾಡಿದೆ?" ಎಂದು ಟೀಚರ್ ಕೇಳಿದರು.

"ತಮಾಷೆಗೆ ಟೀಚರ್. ಪೂರ್ತಿ ಹಾಕಿದ್ರೆ ಯಾರೂ ನೋಡಲ್ಲ, ಅದಕ್ಕೇ..." ಎಂದವನು ತುಸು ತಲೆ ಎತ್ತಿ, "ಇಷ್ಟೊಂದು ಓಡುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ" ಎಂದ. ಆ ಕೊನೆಯ ಮಾತಿನಲ್ಲಿ ಸಣ್ಣ ಹೆಮ್ಮೆ ಇತ್ತು. ತಾಯಿಗೆ ಅದು ಕೇಳಿಸಲಿಲ್ಲ, ಟೀಚರಿಗೆ ಕೇಳಿಸಿತು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೂ ಅವನಿಗೆ ಹದಿಮೂರೇ ವರ್ಷ. ತಾವು ಓದಿದಂಥ ಮಾತುಗಳನ್ನು ಈ ಹುಡುಗ ಕೂತು ಓದುವುದನ್ನು ನೆನೆಸಿಕೊಂಡು, "ಹೋಗು, ಕ್ಲಾಸಿಗೆ ಹೋಗು" ಎಂದರು.

ಸಂಜೆ, ಕಾರ್ಯದರ್ಶಿ ಟೈಪ್ ಮಾಡಿಸಿಟ್ಟಿದ್ದ ಕ್ಷಮಾಪಣೆಯ ಕಾಗದಕ್ಕೆ ಟೀಚರ್ ಸಹಿ ಹಾಕಿದರು. 'ಅಜಾಗರೂಕತೆಯಿಂದ ತಪ್ಪು ಲೆಕ್ಕ ಕಲಿಸಿದ್ದಕ್ಕೂ ತಿದ್ದಿದ ವಿದ್ಯಾರ್ಥಿನಿಯನ್ನು ಗದರಿದ್ದಕ್ಕೂ ವಿಷಾದಿಸುತ್ತೇನೆ' ಎಂದಿತ್ತು. ಪೆನ್‌ಡ್ರೈವನ್ನು ಕಂಪ್ಯೂಟರ್ ಮೇಷ್ಟ್ರಿಗೇ ವಾಪಸು ಕೊಟ್ಟರು.

"ನಿನಗೇನು ತಲೆ ಕೆಟ್ಟಿದೆಯಾ? ಮಾಡದ ತಪ್ಪನ್ನ ಒಪ್ಕೊಂಡು ಬಂದಿದ್ದೀಯಲ್ಲ!" ಎಂದು ಮನೆಯಲ್ಲಿ ಗಂಡ ಹಾರಾಡಿದರು. ಮೂರು ಗುಂಪುಗಳಿಗೆ ಕಳಿಸಿದ ಮನುಷ್ಯನಿಗೆ ಈಗ ಎಲ್ಲಿಲ್ಲದ ರೋಷ.

"ಆ ಕೋಣೇಲಿ ನಲವತ್ತೊಂದು ಮಕ್ಕಳಿದ್ರು ರೀ. ಅವರು ಕಣ್ಣಾರೆ ನೋಡಿದಾರೆ. ಹೊರಗಿನೋರು ಏನಾದ್ರೂ ಅಂದ್ಕೊಳ್ಳಲಿ, ನನಗೆ ಅಷ್ಟು ಸಾಕು" ಎಂದರು ಟೀಚರ್. ಹೇಳಿದ್ದಷ್ಟೇ ಅಲ್ಲ, ಗಟ್ಟಿಯಾಗಿ ನಂಬಿಯೂ ಇದ್ದರು.

ಕಾಗದ ಪೇಜಿಗೆ ಬಿತ್ತು. ಜನ ಎರಡು ದಿನ ಬಯ್ದು ಇನ್ಯಾರನ್ನೋ ಬಯ್ಯಲು ಹೋದರು. ಟೀಚರ ಕೈಯಲ್ಲಿದ್ದ ಹತ್ತನೇ ತರಗತಿಯ ಗಣಿತ ಹೊಸಬರೊಬ್ಬರ ಪಾಲಾಯಿತು. ತರಗತಿಯೊಳಗೆ ಟ್ಯಾಬಿನ ಕ್ಯಾಮೆರಾ ಬಳಸಕೂಡದು ಎಂದು ಸುತ್ತೋಲೆಯೂ ಬಂತು. ಎರಡು ವಾರ ಟೀಚರ್ ಎಂಟನೇ ತರಗತಿಯಲ್ಲಿ ಆಟದ ಸುದ್ದಿಗೇ ಹೋಗಲಿಲ್ಲ. ಹದಿನೈದನೇ ದಿನ ಮಕ್ಕಳ ಕಣ್ಣು ಎಳೆಯುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಋಣ ಸಂಖ್ಯೆಗಳ ಲೆಕ್ಕ. ಋಣ ಆರನ್ನು ಋಣ ಎರಡರಿಂದ ಗುಣಿಸಿ ಋಣ ಹನ್ನೆರಡು ಎಂದು ಬರೆದು, ಏನೂ ಆಗದವರಂತೆ ಮುಂದಿನ ಸಾಲಿಗೆ ಹೋದರು.

ಹಿಂದಿನ ಗಲಗಲ ಏಳಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣು ಕೆಳಗಿಳಿಸಿದರು. ಕಿಟಕಿ ಪಕ್ಕದ ಹುಡುಗ ಹೊರಗೆ ನೋಡತೊಡಗಿದ. ಕೊನೆಗೆ ಕನ್ನಡಕದ ಹುಡುಗಿ ಎದ್ದಳು. ಟೀಚರ್ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ಸಿದ್ಧವಾದರು, ಒಳಗೊಳಗೇ ಹಿಗ್ಗಿದರು. ಆದರೆ ಹುಡುಗಿ ನಿಂತಲ್ಲಿಂದ ಏನೂ ಕೂಗಲಿಲ್ಲ. ನೋಟ್‌ಬುಕ್ ತೋರಿಸುವ ನೆಪದಲ್ಲಿ ತೀರಾ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

"ಟೀಚರ್, ಎರಡನೇ ಸಾಲು ಅಳಿಸಿಬಿಡಿ. ಬೇಗ. ಯಾರೂ ರೆಕಾರ್ಡ್ ಮಾಡ್ತಿಲ್ಲ, ನಾನು ನೋಡಿದೀನಿ."

ಟೀಚರ್ ಸೊಂಟದಿಂದ ಕೈ ಇಳಿಸಿದರು. "ಅದು ಬೇಕಂತಲೇ ಬರೆದದ್ದು ಕಣಮ್ಮಾ. ಆವತ್ತಿನದೂ ಬೇಕಂತಲೇ. ನೀನೇ ಅಲ್ವಾ ಚೌಕ ಎಳೆದದ್ದು? ನನ್ನ ಕುರ್ಚಿ ಮೇಲೆ ಕೂತಿದ್ದೆಯಲ್ಲ?"

"ಹೂಂ ಟೀಚರ್" ಎಂದಳು ಹುಡುಗಿ. ಅವಳ ಕಣ್ಣಲ್ಲಿ ತುಂಬ ಕನಿಕರವಿತ್ತು. "ಮೊದಲು ನಾವೂ ಆಟ ಅಂತಲೇ ಅಂದ್ಕೊಂಡಿದ್ವಿ. ತಪ್ಪಾಯ್ತು ಅಂತ ನೀವೇ ಬರೆದುಕೊಟ್ಟ ಮೇಲೆ ಗೊತ್ತಾಯ್ತು. ಪರವಾಗಿಲ್ಲ ಟೀಚರ್, ಅಮ್ಮ ಹೇಳಿದ್ರು, ವಯಸ್ಸಾದ ಮೇಲೆ ಎಲ್ಲರಿಗೂ ಹೀಗಾಗುತ್ತಂತೆ. ಇನ್ಮೇಲೆ ತಪ್ಪಾದ್ರೆ ನಾನೇ ಬಂದು ಮೆಲ್ಲಗೆ ಹೇಳ್ತೀನಿ. ನಾವೆಲ್ಲ ಮಾತಾಡ್ಕೊಂಡಿದ್ದೀವಿ."

ಟೀಚರ್ ಇಡೀ ತರಗತಿಯನ್ನು ಒಮ್ಮೆ ನೋಡಿದರು. ಮಕ್ಕಳೆಲ್ಲರೂ ಅವರನ್ನು ನೋಡದಿರಲು ತುಂಬ ಕಷ್ಟಪಡುತ್ತಿದ್ದರು. ಅವರು ಡಸ್ಟರ್ ತೆಗೆದುಕೊಂಡು ಆ ಸಾಲನ್ನು ಅಳಿಸಿದರು. ಹನ್ನೆರಡರ ಮುಂದೆ ಋಣ ಚಿಹ್ನೆ ಇಲ್ಲದೆ ಮತ್ತೆ ಬರೆದು, "ಥ್ಯಾಂಕ್ಸ್ ಮಗಾ, ಹೋಗಿ ಕೂತ್ಕೋ" ಎಂದರು.